ಅಧ್ಯಕ್ಷರ ದನಿ ಎಲ್ಲಿ ಹೋಯಿತು

ಮಾವ ಕೊಟ್ಟ ಫೋನಿನಲ್ಲಿ ಹೆಡ್‌ಫೋನ್ ಹಾಕುವ ತೂತೇ ಇರಲಿಲ್ಲ. ಮೇಲೆ ನೋಡಿದೆ, ಕೆಳಗೆ ನೋಡಿದೆ, ಎರಡೂ ಪಕ್ಕ ಬೆರಳಾಡಿಸಿ ನೋಡಿದೆ. ಚಾರ್ಜರ್ ಹಾಕುವ ಚಪ್ಪಟೆ ಬಾಯಿ ಒಂದನ್ನು ಬಿಟ್ಟರೆ ಎಲ್ಲ ನುಣ್ಣಗಿತ್ತು.

"ಮಾವ, ಪಿನ್ನು ಎಲ್ಲಿ ಚುಚ್ಚೋದು?"

"ಈಗಿನ ಫೋನಿಗೆ ಅದೆಲ್ಲ ಇರಲ್ಲ ಕಣೇ. ಸದ್ದು ಗಾಳಿಯಲ್ಲೇ ಬರುತ್ತೆ."

"ಹಾಗಾದ್ರೆ ನನ್ನ ಹೆಡ್‌ಫೋನ್ ಏನ್ ಮಾಡ್ಲಿ?"

"ಕೂದಲಿಗೆ ಕಟ್ಕೋ, ಚೆನ್ನಾಗಿ ಕಾಣುತ್ತೆ."

ಮಾವ ಅಮ್ಮನ ತಮ್ಮ, ಬಸ್ಸು ಓಡಿಸುತ್ತಾರೆ. ತಮಗೆ ಹೊಸ ಫೋನ್ ಬಂದಾಗಲೆಲ್ಲ ಹಳೆಯದನ್ನು ನಮ್ಮ ಮನೆಗೆ ತಂದುಕೊಡುವುದು ಅವರ ರೂಢಿ. ನನ್ನ ಫೋನಿನ ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡು ಹಿಂದಿನ ಮುಚ್ಚಳವನ್ನೇ ಎತ್ತಿಬಿಟ್ಟಿತ್ತು, ಹಾಗಾಗಿ ಈ ಸಲ ಸರಿಯಾದ ಹೊತ್ತಿಗೆ ಬಂದರು ಅಂದುಕೊಂಡಿದ್ದೆ. ಹೊಲಿಗೆ ಮೆಷಿನ್ನಿನ ಹಿಂದೆ ಕುಳಿತಿದ್ದ ಅಮ್ಮ ನಮ್ಮಿಬ್ಬರ ಬಾಯಿಯನ್ನೂ ನೋಡುತ್ತಿದ್ದಳು. ಮಾವನ ಮಾತು ಮುಗಿದು ಸ್ವಲ್ಪ ಹೊತ್ತಾದ ಮೇಲೆ ನಕ್ಕಳು. ಅವಳ ನಗು ಯಾವಾಗಲೂ ಹಾಗೆ, ಒಂದು ಬಸ್ಸು ತಡವಾಗಿ ಬರುತ್ತದೆ.

ಅಮ್ಮನಿಗೆ ಕಿವಿ ಕೇಳಿಸುವುದಿಲ್ಲ. ಇಪ್ಪತ್ತಾರನೆಯ ವಯಸ್ಸಿಗೆ ಶುರುವಾಗಿ ಮೂವತ್ತೈದರ ಹೊತ್ತಿಗೆ ಪೂರ್ತಿ ಹೋಯಿತು. ಅಜ್ಜಿಗೂ ಹಾಗೇ ಆಗಿತ್ತಂತೆ. ನಾನು ಎಂಟನೆಯ ತರಗತಿಗೆ ಶಾಲೆ ಬಿಟ್ಟದ್ದೂ ಅದಕ್ಕೇ. ಅಂಗಡಿಗೆ ಬಂದವರು ತೋಳು ಅರ್ಧ ಇಂಚು ಬಿಗಿ ಮಾಡಿ ಅಂದರೆ, ಅದನ್ನು ಅಮ್ಮನ ಎದುರು ನಿಂತು ಬಾಯಿ ಅಗಲಿಸಿ ಇನ್ನೊಮ್ಮೆ ಹೇಳುವವರು ಬೇಕಿತ್ತು. ಈಗ ಗಿರಾಕಿಗಳು ತಮ್ಮ ಫೋನಿನಲ್ಲೇ ಬರೆದು ತೋರಿಸುತ್ತಾರೆ, ನಾನು ಎರಡು ವರ್ಷದಿಂದ ಟೈಪಿಂಗ್ ಆಫೀಸಿಗೆ ಹೋಗುತ್ತಿದ್ದೇನೆ. ಆದರೂ ಅಮ್ಮ ಬಂದವರೆದುರೆಲ್ಲ, "ಈ ಮನೆಗೆ ಇರೋದು ಒಂದೇ ಜೊತೆ ಕಿವಿ, ಇವಳದ್ದು" ಅನ್ನುತ್ತಾಳೆ. ನಾನು ತಲೆ ತಗ್ಗಿಸಿ ನಿಲ್ಲುತ್ತೇನೆ. ನನಗೀಗ ಇಪ್ಪತ್ತನಾಲ್ಕು.

ಆಫೀಸು ಅಂದರೆ ಒಂದು ಕೋಣೆ, ಆರು ಕಂಪ್ಯೂಟರು, ಆರು ಹುಡುಗಿಯರು, ಗಾಜಿನ ತಡಿಕೆಯ ಆಚೆ ಮೇಡಂ. ಊರಿನ ಸಂಘ ಸಂಸ್ಥೆಗಳು ತಮ್ಮ ಸಭೆಗಳನ್ನು ರೆಕಾರ್ಡ್ ಮಾಡಿ ಕಳಿಸುತ್ತವೆ, ಅದನ್ನು ಕೇಳಿ ಅಕ್ಷರಕ್ಕೆ ಇಳಿಸುವುದು ನಮ್ಮ ಕೆಲಸ. ಕಂಪ್ಯೂಟರುಗಳು ಮೂಕ, ಅವಕ್ಕೆ ಸದ್ದಿಲ್ಲ. ಬೆಳಿಗ್ಗೆ ಫೈಲು ನಮ್ಮ ನಮ್ಮ ಫೋನಿಗೆ ಬರುತ್ತದೆ. ಎಡಗೈ ಹೆಬ್ಬೆರಳಿನಿಂದ ಹಿಂದೆ ಮುಂದೆ ಸರಿಸುತ್ತ ಕೇಳಿ ಟೈಪ್ ಮಾಡಿ, ಸಂಜೆ ಹೊರಡುವ ಮುಂಚೆ ಮೇಡಂ ಎದುರಿಗೇ ಫೈಲು ಅಳಿಸಬೇಕು. ಸ್ಪೀಕರ್ ಹಾಕುವಂತಿಲ್ಲ. ವೈರಿಲ್ಲದ ಹೆಡ್‌ಫೋನೂ ಕೂಡದು. ಒಮ್ಮೆ ಪಟಾಕಿಯ ಫೋನು ಪಕ್ಕದವಳ ಹೆಡ್‌ಫೋನಿಗೆ ತಾನಾಗಿಯೇ ಅಂಟಿಕೊಂಡು, ಒಂದು ಶಾಲೆಯ ಸಭೆಯ ನಡುವೆ ಆಸ್ಪತ್ರೆಯ ಸಭೆ ಬಂದು ಕೂತಿತ್ತು. ಅಂದಿನಿಂದ ವೈರು ಕಡ್ಡಾಯ. ಪಟಾಕಿ ಅಂದರೆ ನನ್ನ ಬಲಗಡೆ ಕೂರುವವಳು, ಗುಟ್ಟನ್ನೂ ಕೂಗಿಯೇ ಹೇಳುತ್ತಾಳೆ.

ಮೇಡಂ ಮೊದಲ ದಿನ ಹೇಳಿಕೊಟ್ಟದ್ದು ಎರಡೇ ಮಾತು. "ಕೇಳಿದ್ದನ್ನ ಟೈಪ್ ಮಾಡು, ಯೋಚನೆ ಮಾಡಬೇಡ. ಯೋಚನೆ ಸಭೆಯವರ ಕೆಲಸ." ಕೇಳಿಸದ ಕಡೆ ಮೂರು ಚುಕ್ಕಿ ಇಡಬೇಕು. ಒಂದು ಪುಟದಲ್ಲಿ ಐದು ಕಡೆಗಿಂತ ಹೆಚ್ಚು ಚುಕ್ಕಿ ಬಿದ್ದರೆ ಫೈಲು ಬೇರೆಯವಳಿಗೆ ಹೋಗುತ್ತದೆ. ನನಗಿಂತ ಮುಂಚೆ ನನ್ನ ಕುರ್ಚಿಯಲ್ಲಿ ಕೂರುತ್ತಿದ್ದವಳಿಗೆ ಚುಕ್ಕಿ ಜಾಸ್ತಿಯಾಗಿ ಮೇಡಂ ಕಿವಿ ತೋರಿಸಿಕೊಂಡು ಬಾ ಅಂದಿದ್ದರಂತೆ. ಅವಳು ಮತ್ತೆ ಬರಲಿಲ್ಲ. ನನ್ನ ಪುಟಗಳಲ್ಲಿ ಎರಡು ವರ್ಷದಲ್ಲಿ ಬಿದ್ದ ಚುಕ್ಕಿಗಳನ್ನು ಬೆರಳಲ್ಲಿ ಎಣಿಸಬಹುದಿತ್ತು.

ತೂತಿಲ್ಲದ ಫೋನಿಗೆ ಒಂದು ಬಾಲ ಸಿಗುತ್ತದೆ ಎಂದು ಪಟಾಕಿಯೇ ಹೇಳಿದಳು. ಬಸ್ ನಿಲ್ದಾಣದ ಹತ್ತಿರ ಕೈಗಾಡಿಯಲ್ಲಿ ಮಾರುವವನಿಂದ ತಂದೆ. ಬಿಳಿಯ ಗೇಣುದ್ದದ ವೈರು, ಒಂದು ತುದಿ ಫೋನಿನ ಚಪ್ಪಟೆ ಬಾಯಿಗೆ, ಇನ್ನೊಂದು ತುದಿಯಲ್ಲಿ ನನ್ನ ಪಿನ್ನಿಗೆ ಬೇಕಾದ ದುಂಡು ತೂತು. ನನ್ನ ಹೆಡ್‌ಫೋನು ಹಳೆಯದು. ವೈರು ಕಿತ್ತು ಬರುತ್ತಿದೆ ಎಂದು ಹೋದ ವರ್ಷ ಅಮ್ಮ ಪಿನ್ನಿನ ಕೊರಳಿಗೆ ಗುಂಡಿ ಹೊಲಿಯುವ ದಾರವನ್ನು ಬಿಗಿಯಾಗಿ ಸುತ್ತಿ, ಗೋಂದು ಹಚ್ಚಿ ಒಣಗಿಸಿ ಕೊಟ್ಟಿದ್ದಳು.

ಮಾರನೆಯ ದಿನ ಬಾಲಕ್ಕೆ ಪಿನ್ನು ಹಾಕಿ ಕಿವಿಗಿಟ್ಟುಕೊಂಡೆ.

ಹನ್ನೊಂದು ಮಹಡಿಯ ಒಂದು ಕಟ್ಟಡದ ನಿವಾಸಿಗಳ ಸಭೆ ಅದು. ಲಿಫ್ಟು ಬದಲಾಯಿಸುವ ವಿಷಯ. ಕುರ್ಚಿ ಎಳೆಯುವ ಸದ್ದು ಬಂತು, ಎಷ್ಟು ಚೆನ್ನಾಗಿ ಅಂದರೆ ಯಾವ ಕಡೆಯಿಂದ ಯಾವ ಕಡೆಗೆ ಎಳೆದರು ಎಂದೂ ಹೇಳಬಹುದಿತ್ತು. ಲೋಟ ಇಟ್ಟ ಸದ್ದು, ಕೆಮ್ಮು, ಕಾಗದ. ಆಮೇಲೆ ಅಧ್ಯಕ್ಷರು ಮಾತಾಡಲು ಶುರುಮಾಡಿದರು. ಶುರುಮಾಡಿದರು ಎಂದು ನನಗೆ ಗೊತ್ತಾದದ್ದು ಉಳಿದವರು ಸುಮ್ಮನಾದದ್ದರಿಂದ. ಅವರ ದನಿ ಮಾತ್ರ ಬಾವಿಯ ತಳದಿಂದ, ಅದೂ ಬಾವಿಗೆ ಹಲಗೆ ಮುಚ್ಚಿದ ಹಾಗೆ, ಗುಂಯ್‌ಗುಡುತ್ತಿತ್ತು. ಸದ್ದು ಜಾಸ್ತಿ ಮಾಡಿದೆ. ಕೆಮ್ಮು ದೊಡ್ಡದಾಯಿತು, ಅಧ್ಯಕ್ಷರು ಅಲ್ಲೇ ಉಳಿದರು.

ಫೋನಿನಲ್ಲಿದ್ದ ಒಂದು ಹಾಡು ಹಾಕಿ ನೋಡಿದೆ. ವಾದ್ಯಗಳೆಲ್ಲ ಬಂದವು. ಹಾಡುವವಳು ಬರಲಿಲ್ಲ.

ಅಮ್ಮ ಹೇಳುತ್ತಿದ್ದದ್ದು ಇದನ್ನೇ ಅಲ್ಲವೇ? "ಮೊದಲು ಹೋಗಿದ್ದು ಫೋನಿನಲ್ಲಿ ಮಾತಾಡೋರ ದನಿ. ಎದುರಿಗೆ ನಿಂತವರದ್ದು ಕೇಳ್ತಿತ್ತು, ಪಾತ್ರೆ ಸದ್ದು ಕೇಳ್ತಿತ್ತು, ನಾಯಿ ಬೊಗಳೋದು ಕೇಳ್ತಿತ್ತು. ಮನುಷ್ಯರ ಮಾತು ಮಾತ್ರ ಯಾರೋ ಒರೆಸಿ ತೆಗೆದ ಹಾಗೆ." ಹೊಲಿಯುತ್ತಲೇ, ನಿನ್ನೆಯ ಹವಾಮಾನ ಹೇಳಿದಷ್ಟು ಸಲೀಸಾಗಿ ಹೇಳುತ್ತಿದ್ದಳು.

ನಾನು ಒಂದೊಂದನ್ನೇ ಬೇರೆ ಮಾಡಿ ನೋಡಿದೆ. ಫೋನು ಕೆಟ್ಟಿರಬಹುದೇ? ಶೌಚಾಲಯಕ್ಕೆ ಹೋಗಿ ಸ್ಪೀಕರಿಗೆ ಕಿವಿ ಒತ್ತಿ ಕೇಳಿದೆ, ಅಧ್ಯಕ್ಷರು ಚೆನ್ನಾಗಿಯೇ ಮಾತಾಡುತ್ತಿದ್ದರು. ಅಷ್ಟರಲ್ಲಿ ಹೊರಗಿನಿಂದ ಪಟಾಕಿ ಬಾಗಿಲು ಬಡಿದು, "ಒಳಗೇನು ಸಭೆ ಕರೆದಿದ್ದೀಯೇನೇ? ಬೇಗ ನಿರ್ಣಯ ಮಾಡಿ ಹೊರಗೆ ಬಾ" ಎಂದು ಕೂಗಿದಳು. ಹಾಗಾದರೆ ಹೆಡ್‌ಫೋನು ಕೆಟ್ಟಿರಬೇಕು. ಪಟಾಕಿಯ ಫೋನಿಗೆ ತೂತಿದೆ. ಊಟದ ಹೊತ್ತಿನಲ್ಲಿ ಅವಳ ಫೋನು ಕೇಳಿ ನನ್ನ ಪಿನ್ನು ಹಾಕಿದೆ. ಹಾಡುವವಳು ಬಂದಳು, ಉಸಿರೆಳೆದುಕೊಳ್ಳುವುದೂ ಕೇಳಿಸಿತು. ಹಾಗಾದರೆ ಬಾಲ. ಸಂಜೆ ಅದೇ ಗಾಡಿಯವನ ಹತ್ತಿರ ಇನ್ನೊಂದು ಬಾಲ ತಂದೆ. ಅದರಲ್ಲೂ ಹಾಡುವವಳಿಲ್ಲ. ಎರಡು ಬಾಲ ಒಂದೇ ಥರ ಕೆಡುತ್ತವೆಯೇ?

ಫೋನು ಸರಿ. ಹೆಡ್‌ಫೋನು ಸರಿ. ಬಾಲವೂ ಸರಿ. ಎಲ್ಲ ಸರಿಯಿದ್ದ ಮೇಲೆ ಉಳಿದದ್ದು ನನ್ನ ಕಿವಿ. ಆದರೆ ಅದೇ ಕಿವಿಗೆ ಪಟಾಕಿಯ ಫೋನಿನಲ್ಲಿ ಕೇಳಿಸಿತಲ್ಲ? ಆಗ ಹೊಟ್ಟೆ ತುಂಬಿತ್ತು, ಕಿವಿಗೆ ಬಲ ಬಂದಿತ್ತೇನೋ ಎಂದೆಲ್ಲ ಯೋಚಿಸಿದೆ. ಅಮ್ಮನಿಗೂ ಮೊದಮೊದಲು ಒಂದು ದಿನ ಕೇಳುತ್ತಿತ್ತು, ಒಂದು ದಿನ ಇಲ್ಲ.

ಪಟಾಕಿಯ ಹೆಡ್‌ಫೋನನ್ನು ನನ್ನ ಬಾಲಕ್ಕೆ ಹಾಕಿ ನೋಡಬೇಕು ಅನ್ನಿಸಿತು. ಬಾಯಿ ತೆರೆದು ಕೇಳಿಯೂ ಬಿಟ್ಟೆ.

"ಹಲ್ಲುಜ್ಜೋ ಬ್ರಷ್ಷು, ಹೆಡ್‌ಫೋನು, ಗಂಡ, ಮೂರನ್ನೂ ಸಾಲ ಕೊಡಲ್ಲ ನಾನು" ಅಂದಳು.

"ನಿಂಗೆ ಮದುವೆನೇ ಆಗಿಲ್ವಲ್ಲೇ."

"ಆಗಿಲ್ಲದಿದ್ದರೇನು, ಈಗಲೇ ಹೇಳಿಟ್ಟಿದ್ದೀನಿ."

ನನ್ನ ಹೆಡ್‌ಫೋನನ್ನೇ ಅವಳ ಕಿವಿಗಿಟ್ಟು, ಹಾಡುವವಳು ಕೇಳಿಸುತ್ತಾಳಾ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಚೆನ್ನಾಗೇ ಕೇಳಿಸುತ್ತಲ್ಲ ಎಂದು ಅವಳು ಅಂದುಬಿಟ್ಟರೆ ಆಮೇಲೆ ನಾನು ಏನು ಮಾಡಬೇಕು?

ಲಿಫ್ಟಿನ ಫೈಲನ್ನು ಮೂರು ದಿನದಲ್ಲಿ ಮುಗಿಸಬೇಕಿತ್ತು. ಅಧ್ಯಕ್ಷರ ಮಾತಿನಲ್ಲಿ ಹಿಡಿದಷ್ಟನ್ನು ಹಿಡಿದೆ. ವಿಚಿತ್ರವೆಂದರೆ, ಅಧ್ಯಕ್ಷರು ಮುಳುಗಿದ ಕಡೆಯಲ್ಲೆಲ್ಲ ಎಡಗಡೆಯಿಂದ ಇನ್ನಿಬ್ಬರು ಎದ್ದು ಬರುತ್ತಿದ್ದರು. ತಗ್ಗಿದ ದನಿ, ಆದರೆ ಸ್ಪಷ್ಟ.

"ಬಿಸ್ಕತ್ತು ಮೆತ್ತಗಾಗಿದೆ."

"ಹೋದ ಸಭೆದು ಇರ್ಬೇಕು."

"ಇವರು ಮಾತು ಮುಗಿಸೋ ಹೊತ್ತಿಗೆ ಹೊಸ ಲಿಫ್ಟೂ ಹಳೇದಾಗಿರುತ್ತೆ."

ಆಮೇಲೆ, "ಅಧ್ಯಕ್ಷರ ಕೂದಲು ಸ್ವಂತದ್ದಾ?" ಎಂದು ಒಬ್ಬರು, "ಸ್ವಂತದ್ದೇ, ರಸೀದಿ ಇಟ್ಟಿದ್ದಾರೆ" ಎಂದು ಇನ್ನೊಬ್ಬರು.

ಅಲ್ಲಿ ನನ್ನ ಕೈ ನಿಂತಿತು. ಇದು ಸಭೆಯ ಮಾತು ಹೌದೋ ಅಲ್ಲವೋ? ಕೇಳಿಸಿದ್ದಂತೂ ಹೌದು. ಬಿಟ್ಟರೆ ಅಲ್ಲಿ ಮೂರು ಚುಕ್ಕಿ ಇಡಬೇಕು, ಆ ಪುಟದಲ್ಲಿ ಆಗಲೇ ಐದು ಕಡೆ ಇಟ್ಟಾಗಿತ್ತು. ಕೇಳಿದ್ದನ್ನ ಟೈಪ್ ಮಾಡು, ಯೋಚನೆ ಮಾಡಬೇಡ. ಟೈಪ್ ಮಾಡಿದೆ. ಒಬ್ಬರಿಗೆ 'ಸದಸ್ಯರು' ಎಂದೂ ಇನ್ನೊಬ್ಬರಿಗೆ 'ಮತ್ತೊಬ್ಬ ಸದಸ್ಯರು' ಎಂದೂ ಹಾಕಿದೆ. ನಮ್ಮಲ್ಲಿ ಒಬ್ಬರದ್ದನ್ನು ಒಬ್ಬರು ತಿದ್ದುವುದು ಕಾಗುಣಿತಕ್ಕೆ ಮಾತ್ರ, ರೆಕಾರ್ಡು ಯಾರೂ ಮತ್ತೆ ಕೇಳುವುದಿಲ್ಲ. ನನ್ನ ಪುಟಗಳಲ್ಲಿ ಕಾಗುಣಿತದ ತಪ್ಪು ಒಂದೂ ಇರಲಿಲ್ಲ.

ನಾಲ್ಕನೆಯ ದಿನ ಆ ಕಟ್ಟಡದ ಕಾರ್ಯದರ್ಶಿ ಬಂದರು. ವಯಸ್ಸಾದವರು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ನಮ್ಮ ಪುಟಗಳು. ಮೇಡಂ ನನ್ನನ್ನು ತಡಿಕೆಯ ಒಳಗೆ ಕರೆದರು.

"ಲಿಫ್ಟಿನ ನಿರ್ಣಯವೇ ಇಲ್ಲವಲ್ಲ ಇದರಲ್ಲಿ" ಎಂದು ಕಾರ್ಯದರ್ಶಿ ಮೇಜಿನ ಮೇಲೆ ಪುಟಗಳನ್ನಿಟ್ಟು, ಅವುಗಳ ಮೇಲೆ ಕೈಯನ್ನೂ ಇಟ್ಟುಕೊಂಡರು. "ಅಧ್ಯಕ್ಷರಿಗೆ ಇನ್ನೂ ತೋರಿಸಿಲ್ಲ. ಅದೊಂದು ಸೇರಿಸಿಕೊಟ್ಟರೆ ಸಾಕು. ಉಳಿದದ್ದು ನಾನೇ ನೋಡ್ಕೋತೀನಿ."

"ನೀವ್ಯಾಕೆ ನೋಡ್ಕೋಬೇಕು ಸಾರ್, ಅದು ನಮ್ಮ ಕೆಲಸ" ಎಂದು ಮೇಡಂ ಅವರ ಕೈಯ ಅಡಿಯಿಂದ ಪುಟಗಳನ್ನು ಎಳೆದುಕೊಂಡು ಓದತೊಡಗಿದರು. ಎರಡನೆಯ ಪುಟದಲ್ಲಿ ಕನ್ನಡಕ ಮೇಲೇರಿತು. "ಬಿಸ್ಕತ್ತು ಮೆತ್ತಗಾಗಿದೆ?" ಮೂರನೆಯ ಪುಟದಲ್ಲಿ ಓದುವುದನ್ನೇ ನಿಲ್ಲಿಸಿದರು. "ಇದೇನಿದು, ರಸೀದಿ?"

ಕಾರ್ಯದರ್ಶಿ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು.

ಮೇಡಂ ಪಟಾಕಿಯನ್ನು ಕರೆದು, ಫೈಲನ್ನು ಅವಳ ಫೋನಿಗೆ ಕಳಿಸಿ, ಅಲ್ಲೇ ನಿಂತು ಕೇಳು ಅಂದರು. ಪಟಾಕಿ ಕಣ್ಣು ಮುಚ್ಚಿ ಕೇಳಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

"ಅಧ್ಯಕ್ಷರು ಗಂಟೆ ಹೊಡೆದ ಹಾಗೆ ಕೇಳಿಸ್ತಿದ್ದಾರೆ ಮೇಡಂ" ಅಂದಳು, ಹೆಡ್‌ಫೋನು ಹಾಕಿಕೊಂಡಿದ್ದರಿಂದ ಮಾಮೂಲಿಗಿಂತಲೂ ಜೋರಾಗಿ. "ಬಿಸ್ಕತ್ತಿನ ಮಾತೇ ಇಲ್ಲ. ಹಿಂದುಗಡೆ ಏನೋ ಪಿಸಪಿಸ ಅಂತಿದೆ, ಅಷ್ಟೆ."

ಮೇಡಂ ನನ್ನ ಕಡೆ ತಿರುಗಿದರು. ಬೈದಿದ್ದರೆ ವಾಸಿಯಿತ್ತು. ಮೆಲ್ಲಗೆ ಕೇಳಿದರು. "ಎಲ್ಲರಿಗೂ ಕೇಳಿಸಿದ್ದು ನಿನಗೆ ಕೇಳಿಸಿಲ್ಲ. ಯಾರಿಗೂ ಕೇಳಿಸದೇ ಇದ್ದದ್ದು ನಿನಗೆ ಕೇಳಿಸಿದೆ. ಏನಮ್ಮ ಇದು? ಕಥೆ ಕಟ್ಟಿದೆಯಾ?"

ಇಲ್ಲ ಅನ್ನಬೇಕು ಅಂದುಕೊಂಡೆ. ಕಥೆ ಕಟ್ಟಿಲ್ಲ ಅಂದರೆ ಕಿವಿ ಹೋಗಿದೆ ಎಂದು ಒಪ್ಪಿದ ಹಾಗೆ. ಕಿವಿ ಚೆನ್ನಾಗಿದೆ ಅಂದರೆ ಕಥೆ ಕಟ್ಟಿದೆ ಎಂದು ಒಪ್ಪಿದ ಹಾಗೆ. ಅಷ್ಟಕ್ಕೂ ಆ ಇಬ್ಬರು ನಿಜವಾಗಿ ಮಾತಾಡಿದ್ದರೇ? ಅಮ್ಮನಿಗೆ ಪೂರ್ತಿ ಹೋಗುವ ಮುಂಚೆ ಒಂದಷ್ಟು ದಿನ ಇಲ್ಲದ ಸದ್ದುಗಳು ಕೇಳಿಸುತ್ತಿದ್ದವಂತೆ. ಯಾರೋ ಬಾಗಿಲು ತಟ್ಟಿದರು ಎಂದು ಎದ್ದು ಹೋಗಿ ನೋಡುತ್ತಿದ್ದಳಂತೆ.

"ಬಿಡಿ ಮೇಡಂ, ಬಿಡಿ. ಚಿಕ್ಕ ಹುಡುಗಿ" ಎಂದು ಕಾರ್ಯದರ್ಶಿ ಎದ್ದುಬಿಟ್ಟರು.

"ಸೋಮವಾರ ಬರೋವಾಗ ಕಿವಿ ಪರೀಕ್ಷೆ ಮಾಡಿಸಿ ಚೀಟಿ ತಗೊಂಡು ಬಾ" ಅಂದರು ಮೇಡಂ. "ಅಲ್ಲಿಯವರೆಗೂ ನಿನಗೆ ಫೈಲು ಇಲ್ಲ."

ಚೀಲ ತೆಗೆದುಕೊಂಡು ಹೊರಗೆ ಬಂದೆ. ಎರಡನೆಯ ಮಹಡಿಯ ತಿರುವಿನಲ್ಲಿ ಕಾರ್ಯದರ್ಶಿ ಕಿಟಕಿಗೆ ಒರಗಿ ಕಾಯುತ್ತಿದ್ದರು.

"ಒಂದು ನಿಮಿಷ ಬಾಮ್ಮ. ಅದು ನಿನಗೆ ಹೇಗೆ ಕೇಳಿಸಿತು?"

ನಾನು ಮೆಟ್ಟಿಲು ನೋಡಿದೆ.

"ಆ ಕೂದಲಿನ ಮಾತು" ಎಂದು ಅತ್ತಿತ್ತ ನೋಡಿ ದನಿ ತಗ್ಗಿಸಿದರು, "ಅದನ್ನ ಆಡಿದ್ದು ನಾನೇ."

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಅವರು ಇದ್ದರು. ಅವರು ಮಾತಾಡಿದ್ದರು. ಇಲ್ಲದ್ದನ್ನು ನಾನು ಕೇಳಿರಲಿಲ್ಲ.

"ಪಕ್ಕದವರ ಕಿವಿಯಲ್ಲಿ ಹೇಳಿದ್ದು ಕಣಮ್ಮ. ಅಷ್ಟು ಮೆಲ್ಲಗೆ ಮಾತಾಡಿದ್ರೆ ನನ್ನ ಹೆಂಡತಿಗೂ ಕೇಳಿಸಲ್ಲ, ಅವಳಿಗೆ ಎಲ್ಲ ಕೇಳಿಸುತ್ತೆ. ರೆಕಾರ್ಡರು ಇದ್ದದ್ದು ಅಧ್ಯಕ್ಷರ ಎದುರಿಗೆ. ನಾನಿದ್ದದ್ದು ಮೇಜಿನ ಎಡಗಡೆ ಕೊನೆಯಲ್ಲಿ. ನಿನ್ನ ಯಂತ್ರ ಯಾವುದು, ಸ್ವಲ್ಪ ತೋರಿಸು."

ಫೈಲನ್ನು ಅಳಿಸಿದ್ದೆ. ಹಾಡು ಹಾಕಿ ಹೆಡ್‌ಫೋನನ್ನು ಅವರ ಕೈಗೆ ಕೊಟ್ಟೆ. ಪಟಾಕಿಯನ್ನು ಕೇಳಲು ಹೆದರಿದ್ದ ಪ್ರಶ್ನೆಯೇ ಇದು. ಅವರು ಕಿವಿಗಿಟ್ಟುಕೊಂಡು ಹುಬ್ಬು ಗಂಟಿಕ್ಕಿದರು.

"ಹಾಡು ಶುರುವಾಗೋದು ಯಾವಾಗ?"

"ಶುರುವಾಗಿ ಒಂದು ನಿಮಿಷ ಆಯ್ತು ಸಾರ್."

"ಹಾಡೋರೆಲ್ಲಿ ಇದರಲ್ಲಿ?"

ಅವರಿಗೂ ಕೇಳಿಸಲಿಲ್ಲ! ಅಳುವ ಹಾಗಾಯಿತು, ನಗುವ ಹಾಗೂ ಆಯಿತು. ಅವರು ಯಂತ್ರಗಳ ಬಗ್ಗೆ ನನಗಿಂತ ಹೆಚ್ಚೇನೂ ತಿಳಿದವರಲ್ಲ. ಫೋನು ತಟ್ಟಿದರು, ಬಾಲ ಎಳೆದರು, ಕೊನೆಗೆ ಪಿನ್ನನ್ನು ಹಿಡಿದು ತಿರುಪಿ ಒತ್ತಿದರು. ಅವರ ಕಣ್ಣು ಅಗಲವಾಯಿತು. ಬಿಟ್ಟರು, ಮತ್ತೆ ಒತ್ತಿದರು. "ಒತ್ತಿದ್ರೆ ಬರ್ತಾಳೆ, ಬಿಟ್ರೆ ಹೋಗ್ತಾಳೆ" ಎಂದು ಮಗುವಿನ ಹಾಗೆ ನಾಲ್ಕೈದು ಸಲ ಒತ್ತಿ ಬಿಟ್ಟು ಮಾಡಿದರು. ಆಮೇಲೆ ಕನ್ನಡಕ ಹಣೆಗೇರಿಸಿ ಪಿನ್ನನ್ನು ಕಣ್ಣಿನ ಹತ್ತಿರ ತಂದುಕೊಂಡರು. "ಈ ದಾರ ಯಾರು ಸುತ್ತಿದ್ದು?"

ಅಮ್ಮ ಸುತ್ತಿದ ದಾರದ ಕೊರಳುಪಟ್ಟಿ ಬಾಲದ ಬಾಯಿಗೆ ತಗುಲಿ, ಪಿನ್ನು ಒಂದು ಕೂದಲೆಳೆಯಷ್ಟು ಹೊರಗೇ ನಿಲ್ಲುತ್ತಿತ್ತು. ನನ್ನ ಹಳೆಯ ಫೋನಿನ ತೂತೂ ಪಟಾಕಿಯದ್ದೂ ಬಳಸಿ ಬಳಸಿ ಅಗಲವಾಗಿದ್ದವು, ದಾರದ ಸಮೇತ ಪಿನ್ನನ್ನು ನುಂಗುತ್ತಿದ್ದವು. ಹೊಸ ಬಾಲಕ್ಕೆ ಬಾಯಿ ಬಿಗಿ.

"ಇದನ್ನ ಮೇಡಂಗೆ ಹೇಳಿ ಸಾರ್" ಅಂದೆ. ಇಷ್ಟು ಹೇಳಲು ನನಗೆ ತುಂಬ ಧೈರ್ಯ ಬೇಕಾಯಿತು.

ಅವರು ಹೆಡ್‌ಫೋನನ್ನು ಮಡಚಿ ನನ್ನ ಕೈಗಿಟ್ಟರು. "ಹೇಳಬಹುದಿತ್ತಮ್ಮ. ಹೇಳಿದ್ರೆ ಆ ಮಾತು ಯಾರದ್ದು ಅಂತ ಬರುತ್ತಲ್ಲ. ನಾನು ಅಧ್ಯಕ್ಷರ ಎದುರು ಮನೆಯಲ್ಲಿರೋದು." ಎರಡು ಮೆಟ್ಟಿಲು ಇಳಿದು ನಿಂತರು. "ಹೇಗೂ ಪರೀಕ್ಷೆ ಚೆನ್ನಾಗೇ ಬರುತ್ತೆ ಬಿಡು. ಕಿವಿ ಸರಿಯಿದೆಯಲ್ಲ."

ಸರಿಯಿದೆಯೇ? ಮನೆಗೆ ಹೋಗುವ ದಾರಿಯಲ್ಲೇ ಬ್ಲೇಡಿನಿಂದ ದಾರ ಕತ್ತರಿಸಿ, ಪಿನ್ನನ್ನು ಟಕ್ಕೆನ್ನುವಂತೆ ಒತ್ತಿ, ಹಾಡು ಹಾಕಿದೆ. ಹಾಡುವವಳು ತಲೆಯ ನಟ್ಟನಡುವೆ ಬಂದು ನಿಂತಳು. ಆದರೆ ಅವಳೇ ಹೌದೋ ಅಲ್ಲವೋ ಎಂದು ಅನುಮಾನವಾಯಿತು. ಹಳೆಯ ಫೋನಿನಲ್ಲಿ ಅವಳ ದನಿಗೆ ಒಂದು ಅಂಚಿತ್ತು, ಹೊಸ ಬಟ್ಟೆಯ ಗರಿಯ ಹಾಗೆ. ಇದು ಹತ್ತು ಸಲ ಒಗೆದ ಬಟ್ಟೆಯ ಹಾಗಿತ್ತು. ನಿಲ್ದಾಣದ ಹಿಂದಿನ ಓಣಿಯಲ್ಲಿ ಫೋನ್ ರಿಪೇರಿಯವನ ಗೂಡಂಗಡಿಯಿದೆ. ಅವನ ಮುಂದೆ ಹತ್ತು ನಿಮಿಷ ನಿಂತು, ಇಬ್ಬರು ಗಿರಾಕಿಗಳನ್ನು ಮುಂದೆ ಬಿಟ್ಟು, ಬಾಲ ಹಾಕಿದರೆ ಹಾಡು ಬೇರೆ ಥರ ಕೇಳುತ್ತದೆಯೇ ಎಂದು ಕೊನೆಗೆ ಕೇಳಿದೆ.

"ಹೂಂ ಮತ್ತೆ, ಬೇರೆ ಥರ ಕೇಳದೆ ಇನ್ನೇನು" ಅಂದ ಅವನು, ಭೂತಗನ್ನಡಿಯಿಂದ ಕಣ್ಣೆತ್ತದೆ. "ಫೋನಿನ ಒಳಗೆ ಇರೋದು ಬರೀ ಲೆಕ್ಕ. ಅದನ್ನ ಸದ್ದು ಮಾಡೋಕೆ ಒಂದು ಚಿಕ್ಕ ಯಂತ್ರ ಬೇಕು. ಮುಂಚೆ ಅದೂ ಫೋನಿನ ಒಳಗೇ ಇದ್ದು ತೂತಿಗೆ ಸದ್ದು ಕೊಡ್ತಿತ್ತು. ಈಗ ನಿಮ್ಮ ಫೋನಿಗೆ ಅದು ಬಾಲದಲ್ಲಿ ಕೂತಿದೆ. ಬಾಲ ಕಳಪೆಯಾದ್ರೆ ಹಾಡೂ ಕಳಪೆ. ಪಿನ್ನು ಪೂರ್ತಿ ಕೂರದಿದ್ರೆ ಇನ್ನೂ ಮಜಾ, ಎರಡೂ ಕಿವಿಗೆ ಸಮನಾಗಿ ಬರೋ ನಡುವಿನ ದನಿ ಒಂದನ್ನೊಂದು ಹೊಡೆದುಹಾಕಿ, ಪಕ್ಕದ ಸದ್ದು ಮಾತ್ರ ಉಳಿಯುತ್ತೆ."

ಡಬ್ಬಿಯಿಂದ ಬಾಲಗಳನ್ನು ತೆಗೆದು, ಕೈ ಮರೆಮಾಡಿಕೊಂಡು ಒಂದಾದ ಮೇಲೊಂದು ಹಾಕಿಕೊಟ್ಟ. ಮೊದಲನೆಯದು ಮಂಕಾಗಿತ್ತು. ಎರಡನೆಯದು ಪರವಾಗಿಲ್ಲ. ಮೂರನೆಯದು ಹಾಕಿದಾಗ ಗರಿ ಬಂತು ಅನ್ನಿಸಿತು.

"ಯಾವುದು ಚೆನ್ನಾಗಿದೆ ಹೇಳಿ."

"ಮೂರನೇದು."

ಅವನು ಜೋರಾಗಿ ನಕ್ಕ. "ಮೂರನೇದೂ ಮೊದಲನೇದೂ ಒಂದೇ ಕಣ್ರೀ. ಎಲ್ಲರೂ ಹೀಗೇ ಬೀಳ್ತಾರೆ, ಬೇಜಾರು ಮಾಡ್ಕೋಬೇಡಿ."

ಎಲ್ಲರೂ ಬೀಳುತ್ತಾರೆ ಅಂದದ್ದು ಸಮಾಧಾನಕ್ಕೋ ನಿಜವಾಗಿಯೋ ತಿಳಿಯಲಿಲ್ಲ. ಎರಡನೆಯ ಬಾಲವನ್ನು ಕೊಂಡೆ. ಅದನ್ನೇ ಯಾಕೆ ಕೊಂಡೆ ಎಂದರೆ, ಅದೊಂದರ ಬಗ್ಗೆ ನಾನಿನ್ನೂ ಮೂರ್ಖಳಾಗಿರಲಿಲ್ಲ.

ಶನಿವಾರ ಕಿವಿ ಪರೀಕ್ಷೆಗೆ ಹೋದೆ. ಪರೀಕ್ಷೆ ಮಾಡುವಾಕೆ ನನ್ನನ್ನು ಒಂದು ಚಿಕ್ಕ ಕೋಣೆಯಲ್ಲಿ ಕೂರಿಸಿ, ದಪ್ಪ ಬಾಗಿಲು ಹಾಕಿ, ಗಾಜಿನ ಆಚೆ ಕುಳಿತಳು. ಕೈಗೊಂದು ಗುಂಡಿ ಕೊಟ್ಟಿದ್ದಳು. "ಎಷ್ಟೇ ಸಣ್ಣ ಸದ್ದು ಕೇಳಿದ್ರೂ ಒತ್ತಿ." ಆ ಕೋಣೆಯಲ್ಲಿ ನನ್ನ ಉಸಿರೂ ನನಗೆ ಕೇಳಿಸುತ್ತಿತ್ತು. ಟೂ ಎಂದಿತು, ಒತ್ತಿದೆ. ಮತ್ತೆ ಟೂ, ಇನ್ನೂ ಸಣ್ಣದು, ಒತ್ತಿದೆ. ಆಮೇಲೆ ಸದ್ದು ಎಲ್ಲಿ ಮುಗಿಯಿತು, ಅದರ ನೆನಪು ಎಲ್ಲಿ ಶುರುವಾಯಿತು ಎಂದು ಗೊತ್ತಾಗದೆ ಹೋಯಿತು. ಕೇಳಿಸದೆ ಇದ್ದರೂ ಒಮ್ಮೆ ಒತ್ತಿದೆ. ಕೇಳಿಸಿದರೂ ಒಮ್ಮೆ ಬಿಟ್ಟೆನೇನೋ. ಅವಳ ಮುಖ ನೋಡಿ ತಿಳಿಯೋಣ ಎಂದರೆ, ಅದಕ್ಕೆಂದೇ ಅವಳು ತಲೆ ತಗ್ಗಿಸಿ ಕುಳಿತಿದ್ದಳು.

ಹೊರಗೆ ಬಂದ ಮೇಲೆ ಒಂದು ಕಾಗದ ತೋರಿಸಿದಳು. ಎರಡು ಗೆರೆ, ಎಡ ಕಿವಿಯದ್ದೊಂದು, ಬಲ ಕಿವಿಯದ್ದೊಂದು. ಎಡಗಡೆಯದ್ದು ಹೆಚ್ಚುಕಡಿಮೆ ನೇರ. ಬಲಗಡೆಯದ್ದು ಕೊನೆಯಲ್ಲಿ ಒಂದು ಕಡೆ ಸ್ವಲ್ಪ ಕೆಳಗೆ ಜಾರಿತ್ತು, ಹೊಲಿಗೆ ತಪ್ಪಿದ ಅಂಚಿನ ಹಾಗೆ.

"ಇದು ದೊಡ್ಡ ವಿಷಯ ಅಲ್ಲ" ಅಂದಳು. "ಮಾತು ಕೇಳೋಕೆ ಏನೂ ತೊಂದರೆ ಇಲ್ಲ. ಕೆಲಸಕ್ಕೆ ಚೀಟಿ ಕೊಡ್ತೀನಿ. ಆದ್ರೆ ತಾಯಿಗೆ ಇದೆ, ಅಜ್ಜಿಗೆ ಇತ್ತು ಅಂತೀರಲ್ಲ. ವರ್ಷಕ್ಕೊಂದು ಸಲ ಬನ್ನಿ."

"ಇದು ಈಗ ಬಂದಿದ್ದಾ, ಮುಂಚೆಯಿಂದ ಇತ್ತಾ?"

"ಹಳೇ ಪರೀಕ್ಷೆ ಇದ್ದಿದ್ರೆ ಹೇಳಬಹುದಿತ್ತು."

"ಹಾಡಿನ ಗರಿ ಹೋಗಿದ್ದು ಇದರಿಂದಾನಾ, ಬಾಲದಿಂದಾನಾ?"

ಅವಳು ಯಾವ ಬಾಲ ಎಂದು ಕೇಳಿದಳು. ನಾನು ಏನಿಲ್ಲ ಅಂದೆ.

ಮನೆಗೆ ಬಂದಾಗ ಅಮ್ಮ ಒಂದು ಕೋಟಿನ ಅಸ್ತರು ಬಿಚ್ಚುತ್ತಿದ್ದಳು. ಚೀಟಿಯನ್ನು ಚೀಲದಲ್ಲೇ ಬಿಟ್ಟು, ಗೆರೆಯ ಕಾಗದವನ್ನು ಅವಳ ಮುಂದಿಟ್ಟೆ. ಇಡಬಾರದು ಎಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಅಮ್ಮ ಅದನ್ನು ತಿರುಗಿಸಿ ನೋಡಲಿಲ್ಲ, ಏನಿದು ಅನ್ನಲಿಲ್ಲ. ಅಂಥ ಕಾಗ‌ದಗಳು ಅವಳ ಹತ್ತಿರ ಒಂದು ಕಟ್ಟು ಇವೆ. ತೋರುಬೆರಳನ್ನು ಬಲಗಡೆಯ ಗೆರೆಯ ಮೇಲೆ ಮೆಲ್ಲಗೆ ಎಳೆದುಕೊಂಡು ಬಂದು, ಅದು ಜಾರಿದ ಕಡೆ ನಿಲ್ಲಿಸಿದಳು.

"ನನ್ನ ಮೊದಲನೇದು ಇದಕ್ಕಿಂತ ಕೆಳಗಿತ್ತು" ಅಂದಳು. ಅವಳ ದನಿ ಯಾವಾಗಲೂ ಸ್ವಲ್ಪ ಜೋರು, ಏರಿಳಿತವಿಲ್ಲದ್ದು. "ಇದು ಅದೂ ಇರಬಹುದು. ಅದಲ್ಲದೆಯೂ ಇರಬಹುದು."

"ಹೇಗೆ ಗೊತ್ತಾಗೋದು?"

"ಗೊತ್ತಾಗಲ್ಲ. ನನಗೂ ಎಷ್ಟೋ ವರ್ಷ ಗೊತ್ತಾಗಲಿಲ್ಲ. ಎಲ್ಲರೂ ಮೆಲ್ಲಗೆ ಮಾತಾಡೋಕೆ ಶುರುಮಾಡಿದ್ದಾರೆ ಅಂದ್ಕೊಂಡಿದ್ದೆ. ಇವರಿಗೆಲ್ಲ ಏನು ಬಂತು ದೊಡ್ಡರೋಗ ಅಂತ ಬೈಕೊಂಡಿದ್ದೆ."

ನನಗೆ ನಗು ಬಂತು, ಅವಳಿಗೂ ಬಂತು. ನಗು ನಿಂತ ಮೇಲೆ ಅವಳು ಕೋಟನ್ನು ಪಕ್ಕಕ್ಕಿಟ್ಟು, ಮೆಷಿನ್ನಿನ ಸ್ವಿಚ್ಚು ಆರಿಸಿ, ನನ್ನನ್ನು ಎದುರಿನ ಸ್ಟೂಲಿನ ಮೇಲೆ ಕೂರಿಸಿದಳು. ಬೆಳಕು ತನ್ನ ಮುಖದ ಮೇಲೆ ಬೀಳುವಂತೆ ಕಿಟಕಿಯ ಕಡೆಗೆ ಸ್ವಲ್ಪ ತಿರುಗಿದಳು.

"ಕಲ್ತಿಟ್ಕೋ. ಬೇಕಾಗದೆ ಹೋದ್ರೆ ಒಳ್ಳೇದೇ. ನಾನು ಬೇಕಾದ ಮೇಲೆ ಕಲಿತೆ, ಅದು ಬಹಳ ಕಷ್ಟ."

ಆಮೇಲೆ ದನಿಯಿಲ್ಲದೆ ಏನೋ ಹೇಳಿದಳು. ತುಟಿಗಳು ಕೂಡಿ ಬಿಟ್ಟವು, ಅಗಲವಾದವು, ನಾಲಿಗೆ ಒಮ್ಮೆ ಹಲ್ಲಿನ ಹಿಂದೆ ಮಿಂಚಿ ಹೋಯಿತು. ಇಷ್ಟು ವರ್ಷ ಅವಳಿಗಾಗಿ ಬಾಯಿ ಅಗಲಿಸಿ ಮಾತಾಡಿದ್ದೇನೆ, ಅವಳ ಬಾಯಿಯನ್ನು ಮಾತ್ರ ಒಮ್ಮೆಯೂ ಹೀಗೆ ನೋಡಿರಲಿಲ್ಲ. ಎಡಗಡೆಯ ಕೋರೆಹಲ್ಲು ಸ್ವಲ್ಪ ಮುರಿದಿತ್ತು. ಅದು ಯಾವಾಗ ಮುರಿಯಿತು?

"ಇನ್ನೊಂದ್ಸಲ" ಅಂದೆ.

ಅವಳು ಇನ್ನೊಮ್ಮೆ ಹೇಳಿದಳು, ಅಷ್ಟೇ ನಿಧಾನವಾಗಿ. ಬಸ್ಸಿನ ಬಗ್ಗೆ ಏನೋ ಇರಬೇಕು ಅನ್ನಿಸಿತು. ಮಾವನ ಬಗ್ಗೆಯೋ? ನನ್ನನ್ನೇ ಏನೋ ಕೇಳುತ್ತಿದ್ದಾಳೆಯೋ? ಕೊನೆಯಲ್ಲಿ ಹುಬ್ಬು ಮೇಲೇರಿತು, ಹಾಗಾದರೆ ಪ್ರಶ್ನೆ.

"ಬಾಯಿ ಮಾತ್ರ ನೋಡಬೇಡ ಕಣೇ. ಮುಖ ಪೂರ್ತಿ ನೋಡು" ಎಂದು ದನಿ ಕೊಟ್ಟು ಹೇಳಿ, ಮತ್ತೆ ದನಿ ತೆಗೆದುಬಿಟ್ಟಳು.

ಮುಖ ಪೂರ್ತಿ ನೋಡಿದೆ. ಗೊತ್ತಾಗಲಿಲ್ಲ ಅಂದೆ. ದನಿ ಮಾಡಿ ಅಂದೆನೋ, ಬರೀ ತುಟಿ ಆಡಿಸಿದೆನೋ ನನಗೇ ತಿಳಿಯಲಿಲ್ಲ. ಅಮ್ಮ ತಲೆಯಾಡಿಸಿ, ಮೊದಲಿನಿಂದ ಶುರುಮಾಡಿದಳು.